ಮೀನಿನ ಜಡ್ಡಿಗೆ ಮದ್ದು ಎಲ್ಲಿತ್ತು?

2019ರ ಆಗಸ್ಟ್ ಕೊನೆಯ ವಾರ. ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನುಗ್ಗಿ, ಇಳಿದು, ಕೆಸರು ಬಿಟ್ಟು ಹೋಗಿದ್ದ ದಿನಗಳು. ಮಗ್ಗ ನೀರಲ್ಲಿ ನಿಂತಿದ್ದರಿಂದ ಕೆಲಸವಿಲ್ಲದೆ ಕೂತಿದ್ದ ನಮ್ಮ ಕಾಕಾ ಒಂದು ಬೆಳಿಗ್ಗೆ ಫೋನ್ ಮಾಡಿದರು. ನಾನು ಬೆಂಗಳೂರಿನ ಟ್ರಾಫಿಕ್‌ನಲ್ಲಿ, ಆಫೀಸಿನ ಕ್ಯಾಬಿನಲ್ಲಿ. ಮಗ್ಗದ ಸುದ್ದಿ ಇರಬೇಕು ಅಂದುಕೊಂಡೆ.

"ತಮ್ಮಾ, ನಮ್ಮ ಟಾಕಿಯಾಗಿನ ಮೀನ ಎಲ್ಲಾ ಸತ್ತಾವ. ನೀ ಮೀನ ಸಾಕ್ತಿಯಲ್ಲ, ಇವಕ್ಕ ಏನ್ ಜಡ್ಡ ಬಂದಿತ್ತು ಹೇಳು."

ಹಿತ್ತಲಲ್ಲಿರುವ ಸಿಮೆಂಟಿನ ನೀರಿನ ಟಾಕಿಗೆ ಬಹಳ ವರ್ಷದ ಹಿಂದೆ ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲಿ ಅಂತ ಗಪ್ಪಿ ಬಿಟ್ಟಿದ್ದರು. ನಾಲ್ಕು ಬಿಟ್ಟದ್ದು ನೂರಾಗಿತ್ತು. ನಾನು ಎರಡು ಪ್ರಶ್ನೆ ಕೇಳಿದೆ. ಒಂದೊಂದಾಗಿ ಸತ್ತವೋ, ಒಮ್ಮೆಲೇ ಸತ್ತವೋ? "ಒಂದ ರಾತ್ರ್ಯಾಗ. ಸಂಜಿಕ ಆರಾಮ ಇದ್ದುವು." ನೀರಿಗೆ ಏನಾದರೂ ಬಿತ್ತೇ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ರು. ಅದೇ ನೀರ ಟಾಕಿಗೆ ಏರಿಸೀವಿ."

ನೆರೆ ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಸರಿಯಾದ ಕೆಲಸವೇ, ಇಲ್ಲದಿದ್ದರೆ ಜನಕ್ಕೆ ವಾಂತಿಭೇದಿ. ಆದರೆ ಆ ಕ್ಲೋರಿನ್ ಮೀನಿನ ಕಿವಿರನ್ನು ಸುಟ್ಟುಬಿಡುತ್ತದೆ. ಮೀನು ನೀರಲ್ಲೇ ಉಸಿರು ಕಟ್ಟಿ ಸಾಯುತ್ತದೆ. ಜಡ್ಡಲ್ಲ ಕಾಕಾ, ನೀರು ಅಂದೆ. ಮೀನು ಸಾಕುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಲೆಕ್ಕ ಇದು. ಒಂದು ರಾತ್ರಿಯಲ್ಲಿ ದೊಡ್ಡದು ಚಿಕ್ಕದು ಎನ್ನದೆ ಎಲ್ಲವೂ ಸತ್ತರೆ ಕೈ ತೋರಿಸಬೇಕಾದ್ದು ನೀರಿನ ಕಡೆ. ಇವತ್ತೊಂದು, ನಾಡಿದ್ದು ಎರಡು ಅಂತ ಸಾಯುತ್ತ ಹೋದರೆ ಆಗ ರೋಗದ ಮಾತು. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ದೇವಸ್ಥಾನದ ಮುಂದಿನ ಕಪಿಲೆಯಲ್ಲಿ ಸಾವಿರಾರು ಮೀನು ಒಟ್ಟಿಗೆ ತೇಲಿದಾಗ ಯಾರೂ ರೋಗ ಅನ್ನಲಿಲ್ಲ. ಕಿಡಿಗೇಡಿಗಳು ವಿಷ ಬೆರೆಸಿದ್ದರು. ಅಲ್ಲಿ ಈಗಲೂ ಆ ಮೀನುಗಳ ಸ್ಮಾರಕ ಇದೆ.

ಕಾಕಾ "ಭಾರೀ ಡಾಕ್ಟರ್ ಆಗೀಯಲ್ಲೋ" ಅಂದು ನಕ್ಕರು. ನಾನು ನಗಲಿಲ್ಲ. ಯಾಕೆಂದರೆ ಅದೇ ಟಾಕಿಯ ಹನ್ನೊಂದು ಗಪ್ಪಿಗಳನ್ನು ನಾನು ಆ ವರ್ಷ ಸಂಕ್ರಾಂತಿಗೆ ಬಾಟಲಿಯಲ್ಲಿ ತುಂಬಿಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ತಂದಿದ್ದೆ. ಅವು ಫೆಬ್ರವರಿ ಮುಗಿಯುವುದರೊಳಗೆ ಸತ್ತಿದ್ದವು. ಅದನ್ನು ಕಾಕಾಗೆ ಹೇಳಿರಲಿಲ್ಲ.

ಆದದ್ದು ಇಷ್ಟು. ಎರಡಡಿ ತೊಟ್ಟಿ. ಗಪ್ಪಿಗಳ ಜತೆಗಿರಲಿ ಅಂತ ಅಂಗಡಿಯಿಂದ ಎಂಟು ನಿಯಾನ್ ಟೆಟ್ರಾ ತಂದು ಪ್ಯಾಕೆಟ್ ಹರಿದು ಸೀದಾ ಒಳಗೆ ಸುರಿದೆ. ಇದು ಮೊದಲ ತಪ್ಪು. ನಿಯಾನ್ ಅಮೆಜಾನಿನ ಮೆದು ನೀರಿನ ಮೀನು. ನಮ್ಮ ಬೈಲಹೊಂಗಲ, ಸವದತ್ತಿ ಕಡೆಯ ಎರೆಭೂಮಿಯ ಬಾವಿ ನೀರನ್ನು ಕಾಯಿಸಿದರೆ ಪಾತ್ರೆಗೆ ಸುಣ್ಣದ ಪೊರೆ ಕಟ್ಟುತ್ತದೆ, ಗಪ್ಪಿಗೆ ಅಂಥ ಗಡಸು ನೀರೇ ಹಿತ. ಎರಡನ್ನೂ ಒಂದೇ ತೊಟ್ಟಿಗೆ ಹಾಕಿದ್ದು ಎರಡನೇ ತಪ್ಪು. ನಾಲ್ಕನೇ ದಿನ ಬಾಲದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮೀನುಗಳು ಕಲ್ಲಿಗೆ ಮೈ ತಿಕ್ಕುತ್ತಿದ್ದವು. ಅಂಗಡಿಯವನು ನೀಲಿ ಬಾಟಲಿ ಕೊಟ್ಟ. ಮೂರು ದಿನದಲ್ಲಿ ಚುಕ್ಕೆ ಮಾಯ. ಗೆದ್ದೆ ಅಂದುಕೊಂಡು ಔಷಧ ನಿಲ್ಲಿಸಿದೆ. ಐದನೇ ದಿನಕ್ಕೆ ಮೈತುಂಬ ಚುಕ್ಕೆ. ಹೆದರಿ ಎರಡು ಪಟ್ಟು ಹಾಕಿದೆ. ಆಮೇಲೆ ಮೀನು ನೀರಿನ ಮೇಲೆ ಬಂದು ಬಾಯಿ ಬಡಿಯತೊಡಗಿದವು.

ಈ ಬಿಳಿ ಚುಕ್ಕೆಯ ಬದುಕು ಗೊತ್ತಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ. ಇಕ್ತಿಯೋಫ್ತಿರಿಯಸ್ ಎಂಬ ಒಂದೇ ಕೋಶದ ಜೀವಿ ಅದು, ಮೀನು ಸಾಕುವವರ ಬಾಯಲ್ಲಿ 'ಇಕ್'. ಕಣ್ಣಿಗೆ ಕಾಣುವ ಚುಕ್ಕೆ ಮೀನಿನ ಚರ್ಮದ ಒಳಗೆ ಕೂತು ತಿನ್ನುತ್ತಿರುವ ಘಟ್ಟ. ಆಗ ಯಾವ ಔಷಧವೂ ಅದನ್ನು ಮುಟ್ಟುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಕಳಚಿಕೊಂಡು ತಳಕ್ಕೆ ಬೀಳುತ್ತದೆ. ನಾವು 'ಗುಣವಾಯಿತು' ಎನ್ನುವುದು ಆವಾಗ! ತಳದಲ್ಲಿ ಸುತ್ತ ಗೂಡು ಕಟ್ಟಿಕೊಂಡು ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನದಲ್ಲಿ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಔಷಧ ಕೊಲ್ಲುವುದು ಈಜಾಡುವ ಈ ಮರಿಗಳನ್ನು ಮಾತ್ರ. ನೀರು ಬೆಚ್ಚಗಿದ್ದಷ್ಟೂ ಈ ಚಕ್ರ ಬೇಗ ತಿರುಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ವಾರದೊಳಗೇ ಒಂದು ಸುತ್ತು, 30 ದಾಟಿದರೆ ಹೆಚ್ಚಿನ ತಳಿಗಳು ಬೆಳೆಯಲಾರವು. ಅದಕ್ಕೇ ಬಲ್ಲವರು ನೀರನ್ನು ನಿಧಾನವಾಗಿ ಬಿಸಿ ಮಾಡಿ, ಉಪ್ಪು ಹಾಕಿ, ಗಾಳಿ ಜಾಸ್ತಿ ಮಾಡಿ, ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮದ್ದು ಮುಂದುವರಿಸುತ್ತಾರೆ. ನಾನು ನಿಲ್ಲಿಸಿದ್ದು ಸರಿಯಾಗಿ ಶತ್ರು ಮರಿ ಹಾಕುವ ದಿನ.

ಇಷ್ಟು ತಿಳಿದ ಮೇಲೆ ಬೇರೆಯೇ ಒಂದು ಹುಳ ತಲೆಗೆ ಹೊಕ್ಕಿತು. ಈ ಜ್ಞಾನ ನಮ್ಮಲ್ಲಿ ಯಾವಾಗಲಾದರೂ ಇತ್ತೇ? ನಮ್ಮ ಸೀಮೆಯಲ್ಲಿ ದನಕ್ಕೆ ಔಷಧ ಹೇಳುವವರು ಊರಿಗೊಬ್ಬರು ಇದ್ದರು. ಮೀನಿಗೆ?

ಬರಹದಲ್ಲಿ ಹುಡುಕಿದರೆ ಕನ್ನಡ ಪಶುವೈದ್ಯದಲ್ಲಿ ಬಡವಾಗಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿ ತೋಡಲು ಜಾಗ ಹುಡುಕುವುದರಿಂದ ಹಿಡಿದು ಅಡುಗೆ, ಸುಗಂಧ, ಮರಗಿಡಗಳ ಆರೈಕೆ, ದನದ ಮದ್ದಿನವರೆಗೆ ಎಲ್ಲ ಇದೆ. ಸುಮಾರು ನೂರು ವರ್ಷದೊಳಗೆ ಅದೇ ರಾಜಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದ. ಹೆಸರೇ ಹೇಳುವಂತೆ ಆಕಳಿನ ವೈದ್ಯ. ಇನ್ನೂ ಮುಂದೆ ಅಭಿನವಚಂದ್ರನ 'ಅಶ್ವವೈದ್ಯ', ಕುದುರೆಗೆ. ಉಳಲು ಬೇಕಾದದ್ದಕ್ಕೆ, ಕಾದಲು ಬೇಕಾದದ್ದಕ್ಕೆ ಔಷಧ ಉಂಟು.

ಮೀನು ಸಿಗುವುದು 'ಮಾನಸೋಲ್ಲಾಸ'ದಲ್ಲಿ. 1127ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ದೊಡ್ಡ ಕೋಶ ಅದು, ನೂರು ಅಧ್ಯಾಯ. ಆಗ ನಮ್ಮ ಸವದತ್ತಿ ಸುಗಂಧವರ್ತಿ, ಚಾಲುಕ್ಯರ ಸಾಮಂತರಾದ ರಟ್ಟರ ರಾಜಧಾನಿ. ಬೈಲಹೊಂಗಲದವನಾದ ನಾನು ಈ ರಾಜನನ್ನು 'ನಮ್ಮವನು' ಅನ್ನುವುದಕ್ಕೆ ಅಷ್ಟು ಆಧಾರ ಸಾಕು. ಸೋಮೇಶ್ವರ ಆನೆ, ಕುದುರೆಗಳ ಕಾಯಿಲೆಗಳನ್ನು ಎಣಿಸಿ ಮದ್ದು ಹೇಳುತ್ತಾನೆ. ಮೀನಿಗೂ ಒಂದು ಭಾಗ ಕೊಟ್ಟಿದ್ದಾನೆ, 'ಮತ್ಸ್ಯವಿನೋದ'. ಮೂವತ್ತಕ್ಕೂ ಹೆಚ್ಚು ಬಗೆಯ ಮೀನು, ಸಮುದ್ರದ್ದು ಯಾವುದು ನದಿಯದ್ದು ಯಾವುದು, ಮೈಮೇಲೆ ಹುರುಪೆ ಇರುವುದು ಯಾವುದು ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ಮೇವು. ಎಳ್ಳಿನ ಹಿಂಡಿ, ಹಿಟ್ಟಿನ ಉಂಡೆ, ಮಾಂಸದ ತುಣುಕು. ಓದುವಾಗ ಈತ ದಂಡೆಯ ಮೇಲೆ ಗಂಟೆಗಟ್ಟಲೆ ಕೂತವನೇ ಅನ್ನಿಸುತ್ತದೆ. ಆದರೆ ಅಷ್ಟೂ ಉಪಚಾರ ಗಾಳಕ್ಕಾಗಿ. ಮೇವು ಹಾಕಿ ಪಳಗಿಸಿ, ಕೊಬ್ಬಿಸಿ, ಕೊನೆಗೆ ಎಳೆಯುವ ಆಟ. ಅಧ್ಯಾಯದ ಹೆಸರಿನಲ್ಲೇ ವಿನೋದ ಇದೆ, ವೈದ್ಯ ಇಲ್ಲ.

ಇದರಲ್ಲಿ ಅವನ ತಪ್ಪೇನೂ ಕಾಣುವುದಿಲ್ಲ. ರೋಗಿಯನ್ನು ನೋಡದೆ ವೈದ್ಯ ಹುಟ್ಟುವುದಿಲ್ಲ. ಕೆರೆಯ ಕೆಂಪು ನೀರಿನೊಳಗಿನ ಮೀನಿನ ಬಾಲದ ಚುಕ್ಕೆಯನ್ನು ದಂಡೆಯ ಮೇಲೆ ನಿಂತವನು ನೋಡುವುದು ಹೇಗೆ? ಸತ್ತ ಮೀನು ತೇಲಿದ ಮೇಲೆ ಗೊತ್ತಾಗುತ್ತದೆ, ಅಷ್ಟರಲ್ಲಿ ಹದ್ದು ಎತ್ತಿಕೊಂಡು ಹೋಗಿರುತ್ತದೆ. ಮೀನನ್ನು ದಿನಾ ಹತ್ತಿರದಿಂದ ನೋಡಿದವರು ಚೀನಾದವರು, ಅವರು ಬಂಗಾರದ ಮೀನನ್ನು ಮನೆಯಲ್ಲಿ ಸಾಕುತ್ತಿದ್ದರು. ಕವಿ ಸು ಷಿಯ ಹೆಸರಿನಲ್ಲಿ ಉಳಿದಿರುವ ಒಂದು ಕೃತಿಯಲ್ಲಿ ಮೀನು ಬಡಕಲಾಗಿ ಮೈಮೇಲೆ ಬಿಳಿ ಚುಕ್ಕೆ ಬಂದರೆ ಇಂಥ ಮರದ ತೊಗಟೆಯನ್ನು ನೀರಿಗೆ ಹಾಕಬೇಕು ಎಂಬ ಮಾತಿದೆ. ಸು ಷಿ ತೀರಿಕೊಂಡದ್ದು 1101ರಲ್ಲಿ. ಅಂದರೆ ಇಲ್ಲಿ ಆಕಳಿಗೆ ವೈದ್ಯಗ್ರಂಥ ಬರುತ್ತಿದ್ದ ಕಾಲದ ಕವಿ.

(ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ನೀರಿನ ಕೊಳವೆ, ಸ್ನಾನದ ತೊಟ್ಟಿ ಎಲ್ಲ ಇವೆ. ಶಾಲೆಯ ಟ್ರಿಪ್ಪಿನಲ್ಲಿ ನೋಡಿ ಬೆರಗಾಗಿದ್ದೆ. ಅಲ್ಲಿ ಮೀನು ಬಿಡುತ್ತಿದ್ದರೇ ಎಂದು ಮೇಷ್ಟ್ರನ್ನು ಕೇಳಿ ಬೈಸಿಕೊಂಡದ್ದೂ ನೆನಪಿದೆ. ಸವದತ್ತಿಯ ಗುಡ್ಡದಲ್ಲಿ ಜೋಗುಳಬಾವಿಯಲ್ಲಿ ಮಿಂದರೆ ಚರ್ಮರೋಗ ಹೋಗುತ್ತದೆ ಎಂದು ಯಲ್ಲಮ್ಮನ ಭಕ್ತರು ನಂಬುತ್ತಾರೆ. ನೀರು ಜನರ ಮೈ ಗುಣಪಡಿಸಿದ ಕಥೆ ನಮ್ಮಲ್ಲಿ ಬೇಕಾದಷ್ಟಿವೆ, ನೀರಲ್ಲೇ ಇರುವವರ ಮೈಯ ಕಥೆ ಇಲ್ಲ.)

ಹಾಗಾಗಿ ಗಾಜು ಬರುವ ತನಕ ಕಾಯಬೇಕಾಯಿತು. 1849ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಜ್ಞ ಒಂದು ಪಾತ್ರೆಯಲ್ಲಿ ಎರಡು ಬಂಗಾರದ ಮೀನು, ಒಂದು ವ್ಯಾಲಿಸ್ನೇರಿಯಾ ಗಿಡ ಇಟ್ಟ. ಅದೇ ಗಿಡ, ಈಗ ನಮ್ಮ ಅಂಗಡಿಗಳಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿರುತ್ತಾರಲ್ಲ. ಎಲೆ ಕೊಳೆತು ನೀರು ಕೆಟ್ಟಿತು. ಕೊಳೆತದ್ದನ್ನು ತಿನ್ನಲು ಬಸವನಹುಳು ಬಿಟ್ಟ. ನೀರು ತಿಳಿಯಾಯಿತು. ಮರುವರ್ಷ ಪ್ರಕಟಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು, 1854ರಲ್ಲಿ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮನೆಗೆ ಹೋಯಿತು. ಗಾಜಿನ ಈ ಕಡೆ ಮನುಷ್ಯನ ಕಣ್ಣು ಬಂದದ್ದೇ ತಡ, ರೋಗಗಳೂ ಕಾಣತೊಡಗಿದವು. 1869ರಲ್ಲಿ ಜರ್ಮನಿಯ ಹಿಲ್ಗೆನ್‌ಡಾರ್ಫ್ ಮತ್ತು ಪೌಲಿಕಿ ಬಿಳಿ ಚುಕ್ಕೆಯ ಜೀವಿಯನ್ನು ವರ್ಣಿಸಿದರು. 1876ರಲ್ಲಿ ಫ್ರಾನ್ಸಿನ ಫೂಕೆ ಅದಕ್ಕೆ ಹೆಸರಿಟ್ಟ. ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಅಂದರೆ ಬಹುಸಂತಾನದ ಮೀನುಹೇನು. ಒಬ್ಬ ನೇಕಾರನ ಮನೆಯ ಹುಡುಗನಾಗಿ ನನಗೆ ಖುಷಿ ಕೊಟ್ಟ ಸಂಗತಿ ಎಂದರೆ, ಅದೇ 1876ರಲ್ಲಿ ಜರ್ಮನಿಯಲ್ಲಿ ಹೈನ್ರಿಶ್ ಕ್ಯಾರೋ ಜವಳಿಗೆ ಬಣ್ಣ ಹಾಕಲೆಂದು ಮೆಥಿಲೀನ್ ಬ್ಲೂ ತಯಾರಿಸಿದ. ಅಂಗಡಿಯವನು ನನಗೆ ಕೊಟ್ಟ ನೀಲಿ ಬಾಟಲಿ ಅದು! ರೋಗಕ್ಕೆ ಹೆಸರು, ಅದರ ಮದ್ದು ಎರಡೂ ಒಂದೇ ವರ್ಷ ಹುಟ್ಟಿ, ಪರಸ್ಪರ ಪರಿಚಯ ಇಲ್ಲದೆ ಇದ್ದವು. 1891ರಲ್ಲಿ ಎರ್ಲಿಕ್ ಮತ್ತು ಗುಟ್‌ಮನ್ ಅದೇ ಬಣ್ಣವನ್ನು ಬರ್ಲಿನ್‌ನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಬಟ್ಟೆಯಿಂದ ಮನುಷ್ಯನಿಗೆ, ಆಮೇಲೆ ಮೀನಿನ ತೊಟ್ಟಿಗೆ. ಅದರ ತಂಗಿಯಂಥ ಮ್ಯಾಲಕೈಟ್ ಗ್ರೀನ್ ಕೂಡ ಬಟ್ಟೆಯ ಬಣ್ಣವೇ. ಅದು ಬಿಳಿ ಚುಕ್ಕೆಗೆ ಇನ್ನೂ ಜೋರು, ಆದರೆ ವಿಷ. ತಿನ್ನುವ ಮೀನಿಗೆ ಅದನ್ನು ಬಳಸುವುದನ್ನು ಹಲವು ದೇಶಗಳು ನಿಷೇಧಿಸಿವೆ.

ವಾರಿಂಗ್ಟನ್‌ಗೆ ಒಬ್ಬ ಮಗ, ಅವನ ಹೆಸರೂ ರಾಬರ್ಟ್. ಅಪ್ಪ ಮೀನಿನ ತೊಟ್ಟಿಯವನಾದರೆ ಮಗ ಮಣ್ಣಿನವನು, ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಒಂದೇ ಪ್ರಶ್ನೆ ಬೆನ್ನುಹತ್ತಿದ. ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟ್ ಆಗುವುದು ಹೇಗೆ? ಅದು ಎರಡು ಹೆಜ್ಜೆಯ ಕೆಲಸ, ಎರಡು ಬೇರೆ ಬೇರೆ ಸೂಕ್ಷ್ಮಜೀವಿಗಳು ಮಾಡುತ್ತವೆ ಎಂದು ತೋರಿಸಿದ. ಜೀವಿಯನ್ನು ಬೇರ್ಪಡಿಸಿ ಹಿಡಿದ ಕೀರ್ತಿ ಮಾತ್ರ 1890ರಲ್ಲಿ ರಷ್ಯಾದ ವಿನೋಗ್ರಾಡ್‌ಸ್ಕಿಗೆ ಹೋಯಿತು. ಅಪ್ಪನ ತೊಟ್ಟಿಯಲ್ಲಿ ಮೀನು ಬದುಕಿದ್ದಕ್ಕೆ ಅರ್ಧ ಉತ್ತರ ಮಗನ ಮಣ್ಣಿನಲ್ಲಿತ್ತು. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ತಿಂದು ಮುಗಿಸುವ ಸೈನ್ಯ ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲಿನಲ್ಲಿ ಕೂತಿರುತ್ತದೆ.

ನಾನು ಎರಡು ಪಟ್ಟು ಸುರಿದ ನೀಲಿ ಔಷಧ ಕೊಂದದ್ದು ಆ ಸೈನ್ಯವನ್ನು. ಎಲ್ಲ ಮುಗಿದ ಮೇಲೆ ಒಂದು ಟೆಸ್ಟ್ ಕಿಟ್ ತಂದು ನೋಡಿದೆ. ಟ್ಯೂಬಿನಲ್ಲಿ ಹಳದಿ ಇರಬೇಕಾದ ನೀರು ಕಡು ಹಸಿರು, ಅಂದರೆ ಅಮೋನಿಯಾ. ಟೆಟ್ರಾಗಳನ್ನು ಚುಕ್ಕೆ ಕೊಂದಿರಬಹುದು. ಕಾಕಾನ ಗಪ್ಪಿಗಳನ್ನು ಕೊಂದದ್ದು ನಾನು. ಬ್ಲೀಚಿಂಗ್ ಪೌಡರ್ ವಿಷಯದಲ್ಲಿ ಫೋನಿನಲ್ಲೇ ರೋಗ ಕಂಡುಹಿಡಿದವನ ಯೋಗ್ಯತೆ ಇಷ್ಟು.

ನಮ್ಮ ನದಿಗೂ ಇಂಥದೇ ಕಥೆ ಒಂದು ಇದೆ, ದೊಡ್ಡ ಅಳತೆಯಲ್ಲಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡ ಸೀಳಿಕೊಂಡು ಹೋಗುವ ಇಕ್ಕಟ್ಟಿಗೆ ಅಣೆಕಟ್ಟು ಕಟ್ಟಿ 1972ರಲ್ಲಿ ಮುಗಿಸಿದರು. ಹಿಂದೆ ನಿಂತ ನೀರು ರೇಣುಕಾಸಾಗರ. ಹರಿಯುವ ನದಿ ನಿಂತ ಮೇಲೆ ಹೊಸ ಮೀನು ಬೇಕಾಯಿತು. ಕರ್ನಾಟಕದ ಜಲಾಶಯಗಳಿಗೆ ಬಿತ್ತಿದ್ದು ಕಾಟ್ಲಾ, ರೋಹು, ಮೃಗಾಲ್, ಗಂಗೆಯ ಕಡೆಯ ಮೀನುಗಳು. 1957ರಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಮೀನುಗಳನ್ನು ಕೊಳದಲ್ಲೇ ಮೊಟ್ಟೆ ಇಡಿಸಿದ ಮೇಲೆ ಮರಿಗಳನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲಿಗೆ ಬೇಕಾದರೂ ಸಾಗಿಸಬಹುದಾಯಿತು. ಒಳ್ಳೆಯದೇ, ಎಷ್ಟೋ ಮನೆಗಳ ಒಲೆ ಅದರಿಂದ ಉರಿದಿದೆ. ಆದರೆ ಮೀನು ಹೋದಲ್ಲಿಗೆ ಮೀನಿನ ಜಡ್ಡೂ ಹೋಗುತ್ತದೆ. ಹಾಗೆ ಊರೂರು ತಿರುಗಿದ ದೊಡ್ಡ ಜಡ್ಡು ಹುಣ್ಣಿನ ರೋಗ. 1971ರಲ್ಲಿ ಜಪಾನಿನಲ್ಲಿ, 1972ರಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡದ್ದು ಆಗ್ನೇಯ ಏಷ್ಯಾ ದಾಟಿ 1988ರಲ್ಲಿ ಭಾರತದ ಈಶಾನ್ಯಕ್ಕೆ ಬಂತು, ಆಮೇಲೆ ದಕ್ಷಿಣಕ್ಕೂ ಇಳಿಯಿತು. ಮೈಮೇಲೆ ಕೆಂಪು ಹುಣ್ಣು, ಒಳಗೆ ಮಾಂಸ ಕೊರೆಯುವ ಬೂಷ್ಟಿನಂಥ ಜೀವಿ. ಕೊರವ ಮೀನು, ಸಣ್ಣ ಕೆರೆಮೀನುಗಳಿಗೆ ಮೊದಲು ಬಡಿಯಿತು. ಮನುಷ್ಯರಿಗೆ ತಗಲುವುದಿಲ್ಲ. ಆದರೂ ರೋಗ ಬಂದ ಕಡೆಗಳಲ್ಲಿ ಜನ ಹೆದರಿ ಮೀನು ಕೊಳ್ಳುವುದನ್ನೇ ಬಿಟ್ಟರು, ಬಲೆ ಹಾಕುವವರು ಬರಿಗೈಯಾದರು. ಮದ್ದು ಏನು? ಕೊಳಕ್ಕೆ ಸುಣ್ಣ. ಮಳೆಗಾಲ ಮುಗಿದು ಚಳಿ ಬೀಳುವಾಗ, ನೀರು ಹುಳಿಯಾದಲ್ಲಿ ಆ ರೋಗಕ್ಕೆ ಬಲ. ಸುಣ್ಣ ಆ ಹುಳಿ ಮುರಿಯುತ್ತದೆ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯವರು 'ಸಿಫ್ಯಾಕ್ಸ್' ಎಂಬ ಔಷಧವನ್ನೂ ತಂದರು. ಇಲ್ಲೂ ಮೊದಲ ಚಿಕಿತ್ಸೆ ನೀರಿಗೇ.

ಇದರಲ್ಲಿ ನನ್ನಂಥವರ ಪಾಲೂ ಇದೆ. ಸಿಂಗಪುರದಿಂದ ಜಪಾನಿಗೆ ಹೋದ ಡ್ವಾರ್ಫ್ ಗೌರಾಮಿಯಲ್ಲಿ, ಅಂದರೆ ಡ್ರಾಯಿಂಗ್ ರೂಮಿನ ಅಂದದ ಮೀನಿನಲ್ಲಿ, ಇದೇ ರೋಗಾಣು ಸಿಕ್ಕಿತ್ತು.

ಮೀನಿಗೆ ವೈದ್ಯರು ಈಗ ಇದ್ದಾರೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು. ಅದು ಇವತ್ತು ಸೇರಿರುವುದು ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಅದರ ಕೇಂದ್ರ ಬೀದರ್. ಸೋಮೇಶ್ವರನ ಕಲ್ಯಾಣ ಇರುವುದೂ ಬೀದರ್ ಜಿಲ್ಲೆಯಲ್ಲೇ. ಆಕಳು, ಕುದುರೆಯ ಸಾಲಿಗೆ ಮೀನನ್ನು ಸೇರಿಸಲು ಅದೇ ಸೀಮೆಗೆ ಎಂಟುನೂರು ಚಿಲ್ಲರೆ ವರ್ಷ ಹಿಡಿಯಿತು.

ಆ ಫೋನ್ ಕರೆಯ ಕೊನೆಗೆ ಕಾಕಾ ಕೇಳಿದ್ದರು: "ಹೋಗ್ಲಿ ಬಿಡು, ನೀ ಒಯ್ದಿದ್ದೆಲ್ಲ, ಅವುಗಳ ಮರಿ ಒಂದ ನಾಕ್ ತಂದ ಬಿಡು. ನಮ್ಮ ಮೀನ ನಮಗ ಬರ್ತಾವ." ಆಗ ಹೇಳಬೇಕಾಯಿತು. ಸತ್ತು ಆರು ತಿಂಗಳಾಯಿತು ಕಾಕಾ, ನಾನೇ ಕೊಂದೆ. ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ, ಹಿಂದೆ ಯಾರೋ ಕೆಸರು ಗುಡಿಸುವ ಸದ್ದು ಬಿಟ್ಟರೆ. "ಹನ್ನೊಂದೂ?" ಎಂದರು. ಹನ್ನೊಂದೂ.

ದೀಪಾವಳಿಗೆ ಹೋಗುವಾಗ ಬೇರೆ ಗಪ್ಪಿ ಒಯ್ಯುವುದೆಂದಾಯಿತು. ಅಂಗಡಿಯಿಂದ ಆರು ತಂದೆ. ಈ ಸಲ ಅವನ್ನು ಮುಖ್ಯ ತೊಟ್ಟಿಗೆ ಬಿಡಲಿಲ್ಲ, ಬಚ್ಚಲಲ್ಲಿ ಒಂದು ಬಕೆಟ್, ಅದಕ್ಕೊಂದು ಸ್ಪಂಜ್ ಫಿಲ್ಟರ್, ಬೇರೆ ಜಾಲರಿ, ಬೇರೆ ಮಗ್. ನಾಲ್ಕು ವಾರ. ಬೆಳಿಗ್ಗೆ ಹಲ್ಲುಜ್ಜುತ್ತ ಟಾರ್ಚ್ ಹಾಕಿ ಬಾಲ ನೋಡುವುದು, ಸಂಜೆ ಬಂದು ಅಮೋನಿಯಾ ನೋಡುವುದು. ಕಾಕಾನ ಟಾಕಿಯ ನೀರು ತುಂಬಿ ಚೆಲ್ಲಿದರೆ ಗಟಾರಕ್ಕೆ, ಗಟಾರ ಹಳ್ಳಕ್ಕೆ, ಹಳ್ಳ ಮಲಪ್ರಭೆಗೆ. ಹದಿನಾರನೇ ದಿನ ಕಾಕಾನ ಫೋನು. ಟಾಕಿಯ ನೀರನ್ನು ಮೂರು ದಿನ ಬಿಸಿಲಿಗೆ ಬಿಟ್ಟಿದ್ದೇನೆ, ಬ್ಲೀಚಿಂಗ್ ವಾಸನೆ ಇಲ್ಲ, ಎಲ್ಲಿ ಮೀನು ಎಂದು. ಇನ್ನೂ ಹನ್ನೆರಡು ದಿನ ತಡೀರಿ, ಜಡ್ಡು ಇದೆಯೋ ಇಲ್ಲವೋ ನೋಡಬೇಕು ಎಂದೆ.

"ನಾ ತಡೀತೀನೋ," ಎಂದರು. "ಡೆಂಗಿ ಸೊಳ್ಳಿ ತಡೀತಾವೇನ ಕೇಳಿ ಹೇಳು."